ಬ್ಲೀಕ್‌ಲೋ ಶಿಖರ: ಜೌಗು ನೆಲದ ಚಾರಣಕ್ಕೆ ಹೇಗೆ ಸಿದ್ಧರಾಗಬೇಕು?

ಕೊಪ್ಪದವನು

ಎಲ್ಲರಿಗೂ ನಮಸ್ಕಾರ. ನಾನು ಮ್ಯಾಂಚೆಸ್ಟರಿಗೆ ಬಂದು ಎರಡು ವರ್ಷವಾಯಿತು. ಊರಿನಲ್ಲಿದ್ದಾಗ ಕುದುರೆಮುಖವನ್ನೂ ಕುಮಾರಪರ್ವತವನ್ನೂ ಒಂದಕ್ಕಿಂತ ಹೆಚ್ಚು ಸಲ ಹತ್ತಿದ್ದೇನೆ. ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಉತ್ತರ ಭಾಗದಲ್ಲಿ, ಗ್ಲಾಸಪ್ ಪಟ್ಟಣದ ಆಚೆಗಿರುವ ಬ್ಲೀಕ್‌ಲೋ ಬೆಟ್ಟಕ್ಕೆ ನವೆಂಬರ್ ನಡುವಿನ ಒಂದು ಶನಿವಾರ ಹೋಗಬೇಕೆಂದು ನಾವು ಐವರು ಮಾತಾಡಿಕೊಂಡಿದ್ದೇವೆ. ಅದರ ಎತ್ತರ 633 ಮೀಟರ್ ಮಾತ್ರ. 1712 ಮೀಟರಿನ ಕುಮಾರಪರ್ವತ ಹತ್ತಿದವರಿಗೆ ಇದೇನು ಲೆಕ್ಕ ಎಂದು ಗೆಳೆಯರು ಹೇಳುತ್ತಿದ್ದಾರೆ. ಆದರೆ ಇಲ್ಲಿಯ ಸಹೋದ್ಯೋಗಿಯೊಬ್ಬರು ಬೆಟ್ಟದ ಹೆಸರು ಕೇಳಿದ ಕೂಡಲೇ ಮುಖ ಗಂಭೀರ ಮಾಡಿಕೊಂಡು, "ಮೇಲೆ ನೆಲವೇ ಇಲ್ಲ, ಬರೀ ಕೆಸರು" ಎಂದರು. ಯಾವ ದಾರಿ ಒಳ್ಳೆಯದು, ಫೋನಿನ ನಕ್ಷೆ ಸಾಕಾಗುತ್ತದೆಯೇ, ಅಲ್ಲಿ ಬಿದ್ದಿರುವ ಹಳೆಯ ವಿಮಾನದ ಅವಶೇಷಗಳನ್ನು ನೋಡಲು ಹೋಗಬಹುದೇ ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಗ್ಲಾಸಪ್ ನಿವಾಸಿ

ಕೊಪ್ಪದವರೇ, ನೀವು ಹೊರಡುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ನಾನು ಈ ಬೆಟ್ಟದ ಬುಡದಲ್ಲಿ ಹನ್ನೊಂದು ವರ್ಷದಿಂದ ವಾಸವಾಗಿದ್ದೇನೆ, ಎಲ್ಲ ಋತುಗಳಲ್ಲೂ ಮೇಲೆ ಹೋಗಿ ಬಂದಿದ್ದೇನೆ. ಎತ್ತರದ ಲೆಕ್ಕವನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ಕುಮಾರಪರ್ವತದಲ್ಲಿ ದಣಿವಾಗುವುದು ಏರಿನಿಂದ, ಮತ್ತು ಅಲ್ಲಿ ಏರು ಇರುವ ಕಡೆ ಶಿಖರವೂ ಇರುತ್ತದೆ. ಬ್ಲೀಕ್‌ಲೋ ಹಾಗಲ್ಲ. ಅಂಚಿನ ಏರು ಮುಗಿದ ಮೇಲೆ ಮೈಲುಗಟ್ಟಲೆ ಹರಡಿಕೊಂಡ, ಕಣ್ಣಿಗೆ ಸಪಾಟಾಗಿ ಕಾಣುವ ಒಂದು ಹಾಸು ಸಿಗುತ್ತದೆ. ಆ ಹಾಸಿನ ತುಂಬ ಪೀಟ್, ಅಂದರೆ ಸಾವಿರಾರು ವರ್ಷಗಳಿಂದ ನೀರಿನಲ್ಲಿ ನೆನೆದು, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡಿಕೊಂಡ ಗಿಡಪಾಚಿಗಳ ಕಪ್ಪು ಮಣ್ಣು. ಕೆಲವೆಡೆ ಅದು ಎರಡು ಆಳು ಆಳವಿದೆ. ಮಳೆನೀರು ಈ ಮಣ್ಣನ್ನು ಕೊರೆದು ಕೊರೆದು ಆಳವಾದ ಕೊರಕಲುಗಳನ್ನು ಮಾಡಿದೆ. ಇವಕ್ಕೆ ಇಲ್ಲಿಯವರು 'ಗ್ರಫ್' ಎನ್ನುತ್ತಾರೆ. ಕೊರಕಲುಗಳ ನಡುವೆ ಕುಸಿಯದೆ ಉಳಿದ ಮಣ್ಣಿನ ದಿಣ್ಣೆಗಳಿಗೆ 'ಹ್ಯಾಗ್' ಎಂಬ ಹೆಸರು. ಒಂದು ಗ್ರಫ್‌ಗೆ ಇಳಿದರೆ ಕಾಣುವುದು ಎರಡು ಕಪ್ಪು ಗೋಡೆ ಮತ್ತು ಮೇಲೊಂದಿಷ್ಟು ಆಕಾಶ, ಅಷ್ಟೇ.

ನೀವು ಮಲೆನಾಡಿನವರಾದ್ದರಿಂದ ಒಂದು ಮಾತು ಹೇಳಿದರೆ ಬೇಗ ಅರ್ಥವಾದೀತು. ಉತ್ತ ಗದ್ದೆಯ ಕೆಸರಿಗೆ ಒಂದು ತಳವಿರುತ್ತದೆ. ಮೊಣಕಾಲ ತನಕ ಹೂತರೂ ಕೆಳಗೆ ಗಟ್ಟಿ ಪದರ ಸಿಕ್ಕೇ ಸಿಗುತ್ತದೆಂಬ ನಂಬಿಕೆಯಿಂದಲೇ ನಮ್ಮ ಕಾಲು ಮುಂದೆ ಹೋಗುತ್ತದೆ. ಪೀಟ್‌ನಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಕೋಲಿನಿಂದ ಚುಚ್ಚಿ ನೋಡದೆ ಬರಿಯ ಕಪ್ಪು ಮಣ್ಣಿನ ಮೇಲೂ, ಕಣ್ಣು ಕೋರೈಸುವ ಹಸಿರು ಪಾಚಿಯ ಮೇಲೂ ಕಾಲಿಡಬೇಡಿ. ಹುಲ್ಲಿನ ಬುಡಗಳೂ ಹೀದರ್ ಪೊದೆಗಳೂ ಇರುವ ಜಾಗ ಸಾಮಾನ್ಯವಾಗಿ ಭಾರ ತಡೆಯುತ್ತದೆ.

ಇನ್ನು ದಾರಿಯ ವಿಷಯ. ನೀವು ಐವರಿಗೂ ಕಾರು ಬೇಕಾಗಿಲ್ಲ. ಮ್ಯಾಂಚೆಸ್ಟರ್ ಪಿಕಡಿಲಿಯಿಂದ ಗ್ಲಾಸಪ್‌ಗೆ ನೇರ ರೈಲಿದೆ, ಸುಮಾರು ಅರ್ಧ ಗಂಟೆಯ ಪ್ರಯಾಣ. ನಿಲ್ದಾಣದಿಂದ ಓಲ್ಡ್ ಗ್ಲಾಸಪ್ ಮೂಲಕ ಶೆಲ್ಫ್ ಬ್ರೂಕ್ ತೊರೆಯ ಕಣಿವೆಗೆ ಬಂದು, 'ಡಾಕ್ಟರ್ಸ್ ಗೇಟ್' ಎಂಬ ಹಳೆಯ ದಾರಿ ಹಿಡಿಯಿರಿ. ಆ ದಾರಿ ಮೇಲೆ ಹೋಗಿ ಪೆನೈನ್ ವೇ ಎಂಬ ದೂರದ ಚಾರಣದ ಹಾದಿಯನ್ನು ಸಂಧಿಸುತ್ತದೆ. ಅಲ್ಲಿ ಉತ್ತರಕ್ಕೆ ತಿರುಗಿ, ಡೆವಿಲ್ಸ್ ಡೈಕ್ ಎಂಬ ಅಗಳಿನಂಥ ತಗ್ಗಿನಲ್ಲಿ ನಡೆದು, ಹರ್ನ್ ಕ್ಲಫ್ ಎಂಬ ಹಳ್ಳದ ಜೊತೆಗೇ ಏರುತ್ತ ಹೋದರೆ ಹರ್ನ್ ಸ್ಟೋನ್ಸ್, ಆಮೇಲೆ ವೇನ್ ಸ್ಟೋನ್ಸ್ ಬಂಡೆಗಳು, ಅಲ್ಲಿಂದ ಸ್ವಲ್ಪವೇ ಮುಂದೆ ಶಿಖರ. ಶಿಖರದ ಗುರುತೆಂದರೆ ದೊಡ್ಡ ಕಲ್ಲುಗುಪ್ಪೆ ಮತ್ತು ಅದರಲ್ಲಿ ನೆಟ್ಟ ಒಂದು ಮರದ ಕಂಬ. ಸಮೀಕ್ಷೆಯ ಕಾಂಕ್ರೀಟ್ ಕಂಬವನ್ನು ಅಲ್ಲಿ ಹುಡುಕಬೇಡಿ, ಅದು ಇರುವುದು 621 ಮೀಟರ್ ಎತ್ತರದ ಹೈಯರ್ ಶೆಲ್ಫ್ ಸ್ಟೋನ್ಸ್ ಮೇಲೆ. ಕಾರಿನಲ್ಲಿ ಬರುವವರು ಸ್ನೇಕ್ ಪಾಸ್ ರಸ್ತೆಯ ನೆತ್ತಿಯಿಂದ ಹೊರಡುತ್ತಾರೆ. ಅಲ್ಲಿಂದ ಶಿಖರಕ್ಕೆ ಸುಮಾರು ನಾಲ್ಕು ಕಿಲೋಮೀಟರ್. ಹಿಮ ಬಿದ್ದರೆ ಆ ರಸ್ತೆಯನ್ನು ಮುಚ್ಚುವುದುಂಟು.

ಸಮಯದ ಲೆಕ್ಕವೇ ನನ್ನ ದೊಡ್ಡ ಚಿಂತೆ. ನಿಲ್ದಾಣದಿಂದ ಹೋಗಿ ಬರಲು ಏನಿಲ್ಲವೆಂದರೂ 17 ಕಿಲೋಮೀಟರ್ ಆಗುತ್ತದೆ. ಗಂಟೆಗೆ ಐದು ಕಿಲೋಮೀಟರ್, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂದು 1892ರಲ್ಲಿ ಸ್ಕಾಟ್ಲೆಂಡಿನ ನೇಸ್ಮಿತ್ ಹಾಕಿಕೊಟ್ಟ ಸೂತ್ರದಂತೆ ನಾಲ್ಕೂವರೆ ಗಂಟೆ ಸಾಕು. ಜೌಗಿನಲ್ಲಿ ಆ ಸೂತ್ರವನ್ನು ನಂಬಬೇಡಿ. ಮೊದಲ ಸಲ ಹೋಗುವ ಐವರಿಗೆ ಏಳು ಗಂಟೆ ಇಟ್ಟುಕೊಳ್ಳಿ. ನವೆಂಬರ್ ನಡುವಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿರುತ್ತಾನೆ. ನನ್ನನ್ನು ಕೇಳಿದರೆ ಮೇ ತಿಂಗಳವರೆಗೆ ಕಾಯಿರಿ.

ಶೆಫೀಲ್ಡ್ ಕನ್ನಡಿತಿ

ಗ್ಲಾಸಪ್ ನಿವಾಸಿಗಳು ಹೇಳಿದ ಒಂದೊಂದು ಮಾತಿಗೂ ನನ್ನ ಒಪ್ಪಿಗೆಯಿದೆ. ಫೋನಿನ ನಕ್ಷೆ ಸಾಕೇ ಎಂಬ ಪ್ರಶ್ನೆಗೆ ನನ್ನ ಅನುಭವವನ್ನೇ ಉತ್ತರವಾಗಿ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಮಾರ್ಚ್ ತಿಂಗಳಿನಲ್ಲಿ ನಾವು ನಾಲ್ವರು ಶಿಖರ ಮುಟ್ಟಿ, ವಿಮಾನದ ಜಾಗಕ್ಕೆ ಹೋಗೋಣವೆಂದು ಹಾದಿ ಬಿಟ್ಟು ನೈಋತ್ಯಕ್ಕೆ ಹೊರಟೆವು. ಹತ್ತು ನಿಮಿಷದಲ್ಲಿ ಮಂಜು ಕವಿದು, ಮುಂದೆ ನಡೆಯುವವರ ಚೀಲ ಮಾತ್ರ ಕಾಣುವಂತಾಯಿತು. ಜಡಿಮಳೆಯೂ ಶುರುವಾಯಿತು. ಒದ್ದೆಯಾದ ಫೋನಿನ ಪರದೆ ಬೆರಳಿನ ಮಾತು ಕೇಳುತ್ತಿರಲಿಲ್ಲ, ಕೈಗವಸು ತೆಗೆದರೆ ಬೆರಳುಗಳಿಗೆ ಜೀವವಿರುತ್ತಿರಲಿಲ್ಲ, ಚಳಿಗೆ ಬ್ಯಾಟರಿಯೂ ನೋಡನೋಡುತ್ತಲೇ ಇಳಿದುಹೋಯಿತು. ಗಾಳಿಯಿಂದ ತಪ್ಪಿಸಿಕೊಳ್ಳಲೆಂದು ಒಂದು ಗ್ರಫ್‌ಗೆ ಇಳಿದೆವು. ಒಳಗೆ ಗಾಳಿಯಿರಲಿಲ್ಲ, ತಳದಲ್ಲಿ ಕಲ್ಲುಮರಳು ಸಿಕ್ಕಿ ನಡೆಯಲು ಸುಲಭವಾಯಿತು, ಆದ್ದರಿಂದ ಅದರಲ್ಲೇ ಮುಂದುವರಿದೆವು. ನಮ್ಮ ತಪ್ಪು ಅದೇ. ಗ್ರಫ್ ನೇರವಾಗಿ ಹೋಗುವುದಿಲ್ಲ, ತಿರುವು ಎಷ್ಟು ಮೆಲ್ಲನೆ ಬರುತ್ತದೆಂದರೆ ಕಾಲಿಗೆ ಗೊತ್ತೇ ಆಗುವುದಿಲ್ಲ. ಮೇಲೆ ಹತ್ತಿ ಬಂದಾಗ, ಅದುವರೆಗೆ ಬಲಗೆನ್ನೆಗೆ ಹೊಡೆಯುತ್ತಿದ್ದ ಗಾಳಿ ಎಡಗೆನ್ನೆಗೆ ಹೊಡೆಯುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ನಮ್ಮ ಗುಂಪಿನ ಅತ್ಯಂತ ಮೌನಿಯಾದ ಗೆಳತಿ. ಅವಳು ಆಗ ಬಾಯಿಬಿಟ್ಟು ಹೇಳದಿದ್ದರೆ ನಾವು ಇನ್ನೂ ಪೂರ್ವಕ್ಕೇ ನಡೆಯುತ್ತಿದ್ದೆವು.

ಚೀಲದ ತಳದಿಂದ ದಿಕ್ಸೂಚಿಯನ್ನೂ ಕಾಗದದ ನಕ್ಷೆಯನ್ನೂ ತೆಗೆದೆವು. ಒಬ್ಬಳು ಮೂವತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು, ದಿಕ್ಸೂಚಿ ಹಿಡಿದವಳು ಕೈಸನ್ನೆಯಿಂದ ಅವಳನ್ನು ಗೆರೆಗೆ ತಂದು ನಿಲ್ಲಿಸುವುದು, ಉಳಿದವರು ಅಲ್ಲಿಗೆ ನಡೆಯುವುದು, ಹೀಗೆ ಒಂದೂಕಾಲು ಗಂಟೆ ಪಶ್ಚಿಮಕ್ಕೆ ಸಾಗಿ ಪೆನೈನ್ ವೇ ಹಾದಿಗೆ ಮರಳಿದೆವು. ಇಲ್ಲಿಯ ಸರ್ಕಾರಿ ನಕ್ಷಾ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 'ಡಾರ್ಕ್ ಪೀಕ್' ನಕ್ಷೆ, ಅಂದರೆ ಓಎಲ್ 1, ನಿಮ್ಮ ಬಳಿ ಇರಲೇಬೇಕು. ಇಂಗ್ಲೆಂಡಿನಲ್ಲಿ ಈಗ ಸೂಜಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಅಂತರ ಬಹಳ ಕಡಿಮೆಯಿರುವುದರಿಂದ ಕಲಿಯುವವರಿಗೆ ಕಷ್ಟವೇನಿಲ್ಲ. ಮೊದಲು ಊರಿನ ಉದ್ಯಾನದಲ್ಲಿ ಅಭ್ಯಾಸ ಮಾಡಿ.

ಇನ್ನೊಂದು ಮಾತು. ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಬ್ಲೀಕ್‌ಲೋದಲ್ಲಿ ಅದನ್ನು ಪಾಲಿಸಬೇಡಿ. ಈ ಬೆಟ್ಟ ನೀರನ್ನು ಎರಡಾಗಿ ಸೀಳುತ್ತದೆ. ಪಶ್ಚಿಮದ ನೀರು ಎಥರೋ, ಮರ್ಸಿ ನದಿಗಳ ಮೂಲಕ ಐರಿಶ್ ಸಮುದ್ರಕ್ಕೂ, ಪೂರ್ವದ ನೀರು ಡರ್ವೆಂಟ್, ಟ್ರೆಂಟ್ ನದಿಗಳ ಮೂಲಕ ಉತ್ತರ ಸಮುದ್ರಕ್ಕೂ ಹೋಗುತ್ತದೆ. ನೀವು ಏರುವಾಗ ಜೊತೆಗಿದ್ದ ಹರ್ನ್ ಕ್ಲಫ್ ಕೂಡ ಪೂರ್ವದ ಆಲ್‌ಪೋರ್ಟ್ ಕಣಿವೆಗೆ ಸೇರುವ ಹಳ್ಳ. ಆ ನೀರನ್ನು ನಂಬಿ ಇಳಿದರೆ ರಸ್ತೆ ಸಿಗುವ ಮೊದಲು ನಿರ್ಜನ ಕಣಿವೆಯಲ್ಲಿ ಹಲವು ಕಿಲೋಮೀಟರ್ ನಡೆಯಬೇಕು.

ಲೀಡ್ಸ್ ಓದುಗ

ತಮ್ಮೆಲ್ಲರ ಕಾಳಜಿಯನ್ನು ನಾನು ಗೌರವಿಸುತ್ತೇನೆ, ಆದರೂ ಸ್ವಲ್ಪ ಭಿನ್ನಾಭಿಪ್ರಾಯ ಹೇಳಬೇಕೆನಿಸುತ್ತದೆ. ಕಳೆದ ಜೂನ್‌ನಲ್ಲಿ ನಾನು, ನನ್ನ ಪತ್ನಿ, ಹನ್ನೆರಡು ವರ್ಷದ ಮಗ ಮೂವರೂ ಸ್ನೇಕ್ ಪಾಸ್‌ನಿಂದ ಹೋಗಿ, ಶಿಖರದಲ್ಲಿ ಚಪಾತಿ ಪಲ್ಯ ತಿಂದು, ಮಧ್ಯಾಹ್ನದೊಳಗೆ ಮರಳಿದೆವು. ಪೆನೈನ್ ವೇ 1965ರಿಂದ ಇರುವ ರಾಷ್ಟ್ರೀಯ ಹಾದಿ. ಆರಂಭದಲ್ಲಿ ಚಪ್ಪಡಿ ಕಲ್ಲುಗಳನ್ನೂ ಹಾಸಿದ್ದಾರೆ. ಇಂಗ್ಲೆಂಡಿನ ಬೆಟ್ಟಗಳಲ್ಲಿ ನಮ್ಮವರು ಕಾಣುವುದೇ ಅಪರೂಪ. ಹೀಗೆ ಭಯದ ಮಾತುಗಳೇ ಹೆಚ್ಚಾದರೆ ಬರುವವರೂ ಬರುವುದಿಲ್ಲ.

ಈ ನೆಲದಲ್ಲಿ ನಡೆಯುವ ಹಕ್ಕು ಸುಮ್ಮನೆ ಸಿಕ್ಕಿದ್ದಲ್ಲ ಎಂಬುದನ್ನೂ ನಮ್ಮ ಮಕ್ಕಳಿಗೆ ತಿಳಿಸಬೇಕು. ಬೇಟೆಯ ಪಕ್ಷಿಗಳಿಗಾಗಿ ಭೂಮಾಲೀಕರು ಈ ಬೆಟ್ಟಗಳನ್ನು ಮುಚ್ಚಿಟ್ಟಿದ್ದ ಕಾಲದಲ್ಲಿ, 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಕಾರ್ಮಿಕರು ನೆರೆಯ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಸಾಮೂಹಿಕವಾಗಿ ನುಗ್ಗಿದರು, ಅವರಲ್ಲಿ ಐವರು ಜೈಲಿಗೂ ಹೋದರು. ಪೀಕ್ ಡಿಸ್ಟ್ರಿಕ್ಟ್ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾದದ್ದು 1951ರಲ್ಲಿ. ತೆರೆದ ಬೆಟ್ಟಗಳಲ್ಲಿ ಹಾದಿ ಬಿಟ್ಟೂ ನಡೆಯುವ ಹಕ್ಕನ್ನು ಕಾನೂನು ಕೊಟ್ಟದ್ದು 2000ನೇ ಇಸವಿಯಲ್ಲಿ. ಅಷ್ಟು ಕಷ್ಟಪಟ್ಟು ತೆರೆದ ಬಾಗಿಲಿನ ಹೊರಗೆ ನಾವು ನಿಂತುಬಿಡಬಾರದು.

ಗ್ಲಾಸಪ್ ನಿವಾಸಿ

ಲೀಡ್ಸ್‌ನವರೇ, ನಿಮ್ಮ ಕೊನೆಯ ಮಾತು ನನ್ನದೂ ಹೌದು. ಬರಬೇಡಿ ಎಂದು ನಾನು ಹೇಳಿಲ್ಲ, ಐವರೂ ಬಂದರೆ ನಮ್ಮ ಮನೆಯಲ್ಲೇ ಕಾಫಿ ಕುಡಿದು ಹೋಗಲಿ. ಆದರೆ ಚಪ್ಪಡಿ ಕಲ್ಲಿನ ಬಗ್ಗೆ ಒಂದು ತಿದ್ದುಪಡಿ ಅಗತ್ಯ. ಸ್ನೇಕ್ ಪಾಸ್ ಹತ್ತಿರದ ಚಪ್ಪಡಿಗಳನ್ನು ನೋಡಿ ಶಿಖರದವರೆಗೂ ಹೀಗೇ ಇರುತ್ತದೆಂದು ಭಾವಿಸಿ ಬಂದವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಹರ್ನ್ ಕ್ಲಫ್ ಹಳ್ಳದ ತಲೆ ಮುಟ್ಟಿ ನೀರು ತೆಳುವಾಗುವ ಜಾಗ ಇದೆಯಲ್ಲ, ಅಲ್ಲಿಯವರೆಗೆ ಹಳ್ಳವೇ ಕೈ ಹಿಡಿದು ನಡೆಸುತ್ತದೆ. ಅದಾದ ಮೇಲೆ ಹತ್ತಾರು ಕಡೆ ಹೆಜ್ಜೆ ಗುರುತುಗಳು ಚದುರಿಹೋಗುತ್ತವೆ, ಬಹಳ ಜನ ತಪ್ಪುವುದು ಅಲ್ಲಿಯೇ. ಜೂನ್‌ನ ಬಿಸಿಲಿನಲ್ಲಿ ಬಂಡೆಗಳು ಎದುರಿಗೇ ಕಾಣುವಾಗ ಅದು ಸಮಸ್ಯೆಯೇ ಅಲ್ಲ. ನವೆಂಬರ್‌ನ ಮಂಜಿನಲ್ಲಿ ಅದೇ ಅರ್ಧ ಮೈಲಿ ಬೇರೆಯ ಬೆಟ್ಟವಾಗಿಬಿಡುತ್ತದೆ. ಆದ್ದರಿಂದ ಹಳ್ಳದ ತಲೆಯಲ್ಲಿ ನಿಂತು, ಮಂಜು ಇರಲಿ ಇಲ್ಲದಿರಲಿ, ದಿಕ್ಸೂಚಿಯಲ್ಲಿ ಮುಂದಿನ ಬಂಡೆಗಳ ದಿಕ್ಕನ್ನು ಗುರುತಿಸಿಕೊಂಡೇ ಹೊರಡಿ.

ಅಪಾಯದಲ್ಲಿ ಸಿಲುಕಿದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸರನ್ನು ಕೇಳಿ, ಅವರ ಬಳಿ ಮೌಂಟನ್ ರೆಸ್ಕ್ಯೂ ಬೇಕೆಂದು ಹೇಳಬೇಕು. ಬರುವವರೆಲ್ಲ ಸ್ವಯಂಸೇವಕರು, ಹಣ ಕೇಳುವುದಿಲ್ಲ. ಮೇಲೆ ಮಾತಿಗೆ ಸಿಗ್ನಲ್ ಸಾಲದಿದ್ದರೂ ಸಂದೇಶ ಹೋಗುವುದುಂಟು, ಅದಕ್ಕಾಗಿ 'ರಿಜಿಸ್ಟರ್' ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಮೊದಲೇ ಕಳಿಸಿ ನೋಂದಾಯಿಸಿಕೊಂಡಿರಬೇಕು. ಸೀಟಿ ಇಟ್ಟುಕೊಳ್ಳಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಇಲ್ಲಿಯ ಸಂಕೇತ.

ಮಣ್ಣಿನ ವಿದ್ಯಾರ್ಥಿನಿ

ಚಾರಣಿಗರ ಕ್ಷೇಮದ ಮಾತು ಸಾಕಷ್ಟು ಆಯಿತು, ನಾನು ಬೆಟ್ಟದ ಕ್ಷೇಮದ ಬಗ್ಗೆ ಬರೆಯುತ್ತೇನೆ. ಎರಡು ಚಳಿಗಾಲ ಈ ಬೆಟ್ಟಗಳಲ್ಲಿ ಪಾಚಿ ನೆಡುವ ಕೆಲಸಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದೆ. ನೀವೆಲ್ಲ ವರ್ಣಿಸಿದ ಕಪ್ಪು ಬೋಳು ನೆಲ ಈ ಬೆಟ್ಟದ ಸಹಜ ರೂಪವಲ್ಲ, ಅದು ಗಾಯ. ಪೀಟ್ ಅನ್ನು ಕಟ್ಟುವುದು ಸ್ಫ್ಯಾಗ್ನಮ್ ಎಂಬ ಪಾಚಿ. ತನ್ನ ಒಣತೂಕದ ಹಲವು ಪಟ್ಟು ನೀರನ್ನು ಅದು ಹೀರಿಟ್ಟುಕೊಳ್ಳುತ್ತದೆ. ಸುತ್ತಲೂ ಮ್ಯಾಂಚೆಸ್ಟರ್, ಶೆಫೀಲ್ಡ್‌ಗಳಂಥ ಕೈಗಾರಿಕಾ ನಗರಗಳಿದ್ದುದರಿಂದ, ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅವುಗಳ ಕಲ್ಲಿದ್ದಲಿನ ಹೊಗೆ ಆಮ್ಲವಾಗಿ ಈ ಬೆಟ್ಟದ ಮೇಲೆ ಸುರಿದು ಆ ಪಾಚಿಯನ್ನು ಕೊಂದಿತು. ಅದರ ಮೇಲೆ ಕುರಿಗಳ ಮೇವು, ಪದೇಪದೇ ಕಾಳ್ಗಿಚ್ಚು. 2003ರ ವಸಂತದಲ್ಲಿ ಬ್ಲೀಕ್‌ಲೋದ ದೊಡ್ಡ ಭಾಗವೇ ಸುಟ್ಟುಹೋಯಿತು. ಹೊದಿಕೆ ಕಳೆದುಕೊಂಡ ಪೀಟ್ ಬೇಸಗೆಯಲ್ಲಿ ಧೂಳಾಗಿ ಹಾರಿತು, ಮಳೆಯಲ್ಲಿ ಕೊಚ್ಚಿ ಕೆಳಗಿನ ಜಲಾಶಯಗಳಿಗೆ ಹೋಯಿತು. ಪೀಟ್ ವರ್ಷಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಬೆಳೆಯುತ್ತದೆ. ಒಂದು ಗೇಣು ಮಣ್ಣು ಹೋಯಿತೆಂದರೆ ಎಷ್ಟು ತಲೆಮಾರುಗಳ ಗಳಿಕೆ ಹೋಯಿತೆಂದು ನೀವೇ ಲೆಕ್ಕ ಹಾಕಿ.

2003ರಲ್ಲಿ ಶುರುವಾದ 'ಮೂರ್ಸ್ ಫಾರ್ ದಿ ಫ್ಯೂಚರ್' ಎಂಬ ಸಹಯೋಗದ ಕೆಲಸದಿಂದ ಈಗ ಎಷ್ಟೋ ಕಡೆ ಹಸಿರು ಮರಳಿದೆ. ಕತ್ತರಿಸಿದ ಹೀದರ್ ಕಡ್ಡಿಗಳನ್ನು ಹೆಲಿಕಾಪ್ಟರಿನಲ್ಲಿ ತಂದು ಬೋಳು ನೆಲಕ್ಕೆ ಹೊದಿಸಿದರು, ಇಳಿಜಾರುಗಳಿಗೆ ಸೆಣಬಿನ ಬಲೆ ಹಾಸಿದರು, ಆಮ್ಲ ತಗ್ಗಿಸಲು ಸುಣ್ಣ ಹಾಕಿ ಹುಲ್ಲಿನ ಬೀಜ ಬಿತ್ತಿದರು, ಗ್ರಫ್‌ಗಳಿಗೆ ಅಡ್ಡಲಾಗಿ ಕಲ್ಲಿನ, ಮರದ, ಪೀಟ್‌ನ ಸಣ್ಣ ಒಡ್ಡುಗಳನ್ನು ಕಟ್ಟಿದರು. ಆ ಒಡ್ಡುಗಳ ಹಿಂದೆ ನೀರು ನಿಂತಮೇಲೆ ಪಾಚಿಯ ಪುಟ್ಟ ಗೊಂಚಲುಗಳನ್ನು ಕೈಯಿಂದ ನೆಡುತ್ತೇವೆ. ಸಸಿ ನಾಟಿ ಮಾಡಿದ ಕೈಗಳಿಗೆ ಆ ಕೆಲಸ ಹೊಸದೆನಿಸುವುದಿಲ್ಲ, ಬೆನ್ನು ನೋಯುವುದೂ ಹಾಗೆಯೇ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಹಾದಿಯ ಮೇಲೆ ಕೆಸರಿದ್ದರೆ ಬದಿಗೆ ಸರಿದು ಹಾದಿಯನ್ನು ಅಗಲ ಮಾಡಬೇಡಿ, ಗೇಟರ್ (ಶೂ ಮೇಲಿಂದ ಮೊಣಕಾಲ ಕೆಳಗಿನವರೆಗೆ ಮುಚ್ಚುವ ಕಾಲುಹೊದಿಕೆ) ಕಟ್ಟಿಕೊಂಡು ಕೆಸರಿನ ನಡುವೆಯೇ ನಡೆಯಿರಿ. ಒಡ್ಡುಗಳನ್ನು ಸೇತುವೆಯಂತೆ ಬಳಸಬೇಡಿ. ಬೆಂಕಿ, ಬಾರ್ಬೆಕ್ಯೂ ಮಾಡಲೇಬೇಡಿ. ಪೀಟ್ ಹೊತ್ತಿಕೊಂಡರೆ ನೆಲದೊಳಗೇ ವಾರಗಟ್ಟಲೆ ಉರಿಯುತ್ತದೆ. ನಾಯಿ ಇದ್ದರೆ ಮಾರ್ಚ್ 1ರಿಂದ ಜುಲೈ 31ರವರೆಗೆ ಗಿಡ್ಡ ಹಗ್ಗದಲ್ಲಿ ಹಿಡಿದಿರಬೇಕೆಂದು ಕಾನೂನೇ ಇದೆ, ಏಕೆಂದರೆ ಗೋಲ್ಡನ್ ಪ್ಲವರ್, ಕರ್ಲ್ಯೂ ಮುಂತಾದ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ.

ಕೊಪ್ಪದವನು

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಗೆಳೆಯರಿಗೆ ಇದೆಲ್ಲವನ್ನೂ ಓದಿ ಹೇಳಿದೆ, ನವೆಂಬರ್ ಯೋಜನೆಯನ್ನು ಕೈಬಿಟ್ಟು ಮೇ ಕೊನೆಗೆ ಮುಂದೂಡಿದ್ದೇವೆ. ವಿಮಾನದ ಪ್ರಶ್ನೆ ಮಾತ್ರ ಉಳಿಯಿತು. ಪ್ರಾಣ ಹೋದ ಜಾಗಕ್ಕೆ ನೋಟಕ್ಕೆಂದು ಹೋಗುವುದು ಸರಿಯೇ ಎಂದು ನಮ್ಮಲ್ಲೊಬ್ಬರು ಕೇಳುತ್ತಿದ್ದಾರೆ.

ಶೆಫೀಲ್ಡ್ ಕನ್ನಡಿತಿ

ಕೇಳಬೇಕಾದ ಪ್ರಶ್ನೆಯೇ. 1948ರ ನವೆಂಬರ್ 3ರಂದು ಅಮೆರಿಕದ ವಾಯುಪಡೆಯ ಬಿ-29 ವಿಮಾನವೊಂದು ಲಿಂಕನ್‌ಶೈರಿನ ಸ್ಕಾಂಪ್ಟನ್‌ನಿಂದ ವಾರಿಂಗ್ಟನ್ ಬಳಿಯ ಬರ್ಟನ್‌ವುಡ್‌ಗೆ ಹಾರುತ್ತ, ತಗ್ಗಿದ ಮೋಡದಲ್ಲಿ ಹೈಯರ್ ಶೆಲ್ಫ್ ಸ್ಟೋನ್ಸ್ ಹತ್ತಿರ ನೆಲಕ್ಕೆ ಬಡಿಯಿತು. ಒಳಗಿದ್ದ 13 ಮಂದಿಯೂ ತೀರಿಕೊಂಡರು. ಅದು ಛಾಯಾಗ್ರಹಣದ ವಿಮಾನವಾಗಿತ್ತು. 1946ರಲ್ಲಿ ಬಿಕಿನಿ ದ್ವೀಪದ ಅಣುಬಾಂಬ್ ಪರೀಕ್ಷೆಗಳ ಚಿತ್ರ ತೆಗೆದದ್ದು ಅದೇ. ಎಂಜಿನ್‌ಗಳೂ ಚಕ್ರದ ಭಾಗಗಳೂ ಇಂದಿಗೂ ಪೀಟ್ ಮೇಲೆ ಚದುರಿ ಬಿದ್ದಿವೆ. ಪಕ್ಕದಲ್ಲೇ ಸ್ಮಾರಕದ ಕಲ್ಲಿದೆ, ಜನ ಅಲ್ಲಿ ಕೆಂಪು ಪಾಪಿ ಹೂಗಳನ್ನೂ ಶಿಲುಬೆಗಳನ್ನೂ ಇಟ್ಟುಹೋಗುತ್ತಾರೆ. ಹೋಗುವುದು ತಪ್ಪಲ್ಲ, ಒಂದು ಮೊಳೆಯನ್ನೂ ಎತ್ತಿಕೊಂಡು ಬರಬಾರದು, ಅದು 1986ರ ಕಾನೂನಿನ ಪ್ರಕಾರ ಅಪರಾಧ. ಲೋಹದ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವವರನ್ನು ನೋಡಿದ್ದೇನೆ, ದಯವಿಟ್ಟು ನಿಮ್ಮ ಗುಂಪಿನಲ್ಲಿ ಹಾಗಾಗದಿರಲಿ.

ಕೊಪ್ಪದವನು

ಹೋಗಿ ಬಂದೆವು. ಮೇ ಕೊನೆಯ ಶನಿವಾರ, ಅದಕ್ಕೆ ಮುಂಚೆ ಹತ್ತು ದಿನ ಮಳೆಯಿರಲಿಲ್ಲ. ಏಳು ಗಂಟೆ ಇಟ್ಟುಕೊಳ್ಳಿ ಎಂದಿದ್ದರು, ನಮಗೆ ಏಳೂಮುಕ್ಕಾಲು ಹಿಡಿಯಿತು. ಒಣಗಿದ ಪೀಟ್ ಕಾಫಿಪುಡಿಯಂತೆ ಕಾಲಡಿ ಜಾರುತ್ತಿತ್ತು. ಹಾಗಿದ್ದರೂ ವೇನ್ ಸ್ಟೋನ್ಸ್‌ಗೆ ಮುಂಚಿನ ಒಂದು ತಗ್ಗಿನಲ್ಲಿ ನಮ್ಮಲ್ಲೊಬ್ಬರ ಕಾಲು ತೊಡೆಯವರೆಗೂ ಹೂತು, ಇಬ್ಬರು ಹಿಡಿದು ಎಳೆಯಬೇಕಾಯಿತು. ಶೂ ಒಳಗೇ ಉಳಿಯಿತು, ಮೊಣಕೈವರೆಗೆ ಕೈ ಹಾಕಿ ತೆಗೆದೆವು. ಗದ್ದೆಯ ಕೆಸರಿಗೆ ತಳವಿದೆ ಎಂಬ ಮಾತು ಆಗ ನನಗೆ ಪೂರ್ತಿಯಾಗಿ ಅರ್ಥವಾಯಿತು.

ಹಳ್ಳದ ತಲೆಯಲ್ಲಿ ದಿಕ್ಸೂಚಿ ಹಿಡಿದು ಹೊರಟೆವು. ಬಿಸಿಲಿತ್ತು, ಅಗತ್ಯವೇನೂ ಇರಲಿಲ್ಲ, ಆದರೂ ಮೂವತ್ತು ಹೆಜ್ಜೆಯ ಕ್ರಮವನ್ನು ಅಭ್ಯಾಸಕ್ಕೆಂದೇ ಮಾಡಿದೆವು. ಕುದುರೆಮುಖದಲ್ಲಿ ಬೆಟ್ಟದ ಏಣು ನೋಡಿದರೆ ನಾನೆಲ್ಲಿದ್ದೇನೆಂದು ತಿಳಿಯುತ್ತದೆ. ಇಲ್ಲಿ ನಾಲ್ಕೂ ದಿಕ್ಕು ಒಂದೇ ಬಗೆಯಾಗಿತ್ತು. ಶಿಖರದ ಕಂಬದ ಬಳಿ ಕೂತಾಗ ಬಿಳಿಯ ಹತ್ತಿಯಂಥ ತುರಾಯಿ ಹೊತ್ತ ಹುಲ್ಲು ಸುತ್ತಲೂ ತೂಗುತ್ತಿತ್ತು. ಕಾಣದ ಯಾವುದೋ ಹಕ್ಕಿ ಒಂದೇ ಎಳೆಯ ಶಿಳ್ಳೆಯನ್ನು ಬಿಟ್ಟು ಬಿಟ್ಟು ಹಾಕುತ್ತಿತ್ತು. ಗೋಲ್ಡನ್ ಪ್ಲವರ್ ಇರಬೇಕೆಂದುಕೊಂಡೆವು. ಇಳಿಯುವಾಗ ಒಂದು ಬೆಟ್ಟದ ಮೊಲ ಎದ್ದು ಓಡಿತು. ಮೈಯೆಲ್ಲ ಕಂದು, ಕಾಲುಗಳಲ್ಲಿ ಮಾತ್ರ ಚಳಿಗಾಲದ ಬಿಳುಪು ಇನ್ನೂ ಉಳಿದಿತ್ತು. ವಿಮಾನದ ಬಳಿ ಹತ್ತು ನಿಮಿಷ ನಿಂತೆವು, ಯಾರೂ ಫೋಟೋ ತೆಗೆಯಲಿಲ್ಲ.

ಗ್ಲಾಸಪ್ ನಿವಾಸಿಗಳ ಮನೆಯ ಕಾಫಿಗೆ ವಿಶೇಷ ಧನ್ಯವಾದ. ಈಗ ಇನ್ನೊಂದು ಪ್ರಶ್ನೆಯಿದೆ. ಶಿಖರದಿಂದ ಪೂರ್ವಕ್ಕೆ ಬ್ಲೀಕ್‌ಲೋ ಸ್ಟೋನ್ಸ್ ಬಂಡೆಗಳವರೆಗೆ ನಡೆಯಬೇಕೆಂಬ ಆಸೆ ಹುಟ್ಟಿದೆ. ನಕ್ಷೆಯಲ್ಲಿ ಮೂರು ಕಿಲೋಮೀಟರ್ ಕಾಣುತ್ತದೆ, ಸ್ಪಷ್ಟ ಹಾದಿ ಕಾಣುವುದಿಲ್ಲ.

ಗ್ಲಾಸಪ್ ನಿವಾಸಿ

ಹಾದಿ ಇಲ್ಲ, ಅಲ್ಲಲ್ಲಿ ಹಳೆಯ ಗಡಿಗಂಬಗಳಿವೆ. ನೀರು ಎರಡಾಗುವ ಏಣಿನ ಮೇಲೆಯೇ ಉಳಿದುಕೊಂಡು ಒಂದು ಕಂಬದಿಂದ ಇನ್ನೊಂದಕ್ಕೆ ದಿಕ್ಕು ನೋಡಿ ನಡೆಯಬೇಕು. ಮೂರು ಕಿಲೋಮೀಟರಿಗೆ ಎರಡು ಗಂಟೆ ಇಟ್ಟುಕೊಳ್ಳಿ, ಮರಳುವುದಕ್ಕೂ ಅಷ್ಟೇ. ಜೂನ್ ಎರಡನೇ ವಾರ ನನಗೆ ರಜೆಯಿದೆ, ನೆಲ ಒಣಗಿದ್ದರೆ ಜೊತೆಗೆ ಬರುತ್ತೇನೆ. ಶೂ ಹೂತುಹೋದ ಗೆಳೆಯರಿಗೆ ಹೇಳಿ, ಲೇಸನ್ನು ಈ ಸಲ ಎರಡು ಗಂಟು ಹಾಕಲಿ.